ಏಣಿ ಸಂಗವ್ವನ ಹುಡೇವು

ಹುಣಚಿಮಾಳದ ನಟ್ಟನಡುವೆ ಕಲ್ಲಿನ ದುಂಡು ಗೋಪುರ ಒಂದಿದೆ. ನಮ್ಮ ಕಡೆ ಅದಕ್ಕೆ ಹುಡೇವು ಅಂತಾರೆ. ನಾಲ್ಕಾಳೆತ್ತರ. ಬಾಗಿಲು ನೆಲದಲ್ಲಿಲ್ಲ, ಎರಡಾಳೆತ್ತರದಲ್ಲಿದೆ. ನೋಡಲು ಬಂದವರು ಬಾಗಿಲು ಹುಡುಕುತ್ತ ಒಂದು ಸುತ್ತು ಹಾಕ್ತಾರೆ, ಸಿಗದೆ ಇನ್ನೊಂದು ಹಾಕ್ತಾರೆ. ನಾವು ಕಟ್ಟೆ ಮೇಲೆ ಕೂತು ನೋಡ್ತೀವಿ. ಮೂರನೇ ಸುತ್ತಿಗೆ ಹೇಳ್ತೀವಿ.

ಹಿಂದೆ ಒಮ್ಮೆ, ಸುಗ್ಗಿ ಮುಗಿಯುತ್ತಲೇ ಲೂಟಿಯ ದಂಡು ಬೀಳುತ್ತಿದ್ದ ಕಾಲದಲ್ಲಿ, ಇದನ್ನು ಕಟ್ಟಿದರಂತೆ. ದಂಡು ಬಂದರೆ ಊರೆಲ್ಲ ಏಣಿ ಹತ್ತಿ ಒಳಗೆ ಸೇರಬೇಕು. ಕೊನೆಗೆ ಹತ್ತಿದವರು ಏಣಿಯನ್ನು ಒಳಗೆಳೆದುಕೊಳ್ಳಬೇಕು. ಆದರೆ ಏಳು ವರ್ಷ ದಂಡೇ ಬರಲಿಲ್ಲ. ಖಾಲಿ ಜಾಗ ಕಂಡರೆ ಸುಮ್ಮನಿರುವ ಜನ ನಾವಲ್ಲ. ಭರಮನಗೌಡ ಜೋಳದ ಚೀಲ ಒಟ್ಟಿ ಅದನ್ನು ಕಣಜ ಅಂದ. ಮುದುಕರು ತಂಪಿಗೆ ಕೂತು ಪಗಡೆಮನೆ ಅಂದರು. ಅತ್ತೆಯ ಜೊತೆ ಜಗಳಾಡಿದ ಸೊಸೆಯರು ತವರುಮನೆ ಅಂದರು. ಕಾವಲು ಗೋಪುರ ಅಂತ ಕರೆಯುತ್ತಿದ್ದವನು ಕಾವಲುಗಾರ ಒಬ್ಬನೇ. ಅವನ ಮಾತು ಯಾರು ಕೇಳ್ತಾರೆ? ಗೌಡ ಮಧ್ಯಾಹ್ನದ ನಿದ್ದೆಗೆ ಅಂತ ದೊಡ್ಡ ಹೊರಸೊಂದನ್ನು, ಅಂದರೆ ಮಂಚವನ್ನು, ಒಳಗೇ ಜೋಡಿಸಿ ನುಲಿ ಹೆಣೆಸಿದ.

ವರ್ಷಕ್ಕೊಂದು ಹೊಸ ಬಿದಿರೇಣಿ ಕಟ್ಟಿಕೊಡುತ್ತಿದ್ದವಳು ಮೇದಾರ ಸಂಗವ್ವ. ಗಂಡ ಸತ್ತಿದ್ದ, ನೀಲವ್ವ ಅಂತ ಒಬ್ಬಳೇ ಮಗಳು. "ಗೌಡ್ರ, ಒಳಗ ಏಣಿಗೆ ಜಾಗಾನ ಇಲ್ರೀ" ಅಂದಳಂತೆ. "ಏಣಿ ಏನ್ ಕಾಲು ಚಾಚಿ ಮಲಗತೈತೇನಬೇ? ದಂಡು ಬಂದಾಗ ನೋಡೂಣು" ಅಂದ ಗೌಡ.

ದಂಡು ಬಂತು. ಊರು ಏಣಿ ಹತ್ತಿತು. ಮಗಳನ್ನು ಮುಂದೆ ಹತ್ತಿಸಿ ಸಂಗವ್ವ ಕೊನೆಗೆ ಹತ್ತಿದಳು. ಎಳೆದರೆ ಹೊರಸು ಅಡ್ಡ ಬಂದು ಏಣಿ ಅರ್ಧ ಒಳಗೆ, ಅರ್ಧ ಹೊರಗೆ. ಹೊರಸನ್ನು ಹೊರಗೆಸೆಯಲು ಹೋದರು. ಒಳಗೇ ಹುಟ್ಟಿದ ಹೊರಸು ಬಾಗಿಲಲ್ಲಿ ಹಿಡಿಸಲಿಲ್ಲ. ಏಣಿಯನ್ನು ಕೆಳಗೆ ತಳ್ಳಿದರೆ ದಂಡಿನವರೇ ಎತ್ತಿ ಹಚ್ಚುತ್ತಾರೆ. ಊರ ಅಗಸೆಬಾಗಿಲ ಹತ್ತಿರ ಧೂಳೆದ್ದಿತ್ತು. ಯಾರಾದರೂ ಇಳಿದು ಏಣಿ ಮರೆಮಾಡಬೇಕು. ಎಲ್ಲರೂ ಗೌಡನ ಮುಖ ನೋಡಿದರು. ಗೌಡ ಹೊರಸಿನ ಮುಖ ನೋಡಿದ.

"ಹಚ್ರಿ ಏಣಿ. ನಾ ಇಳೀತೀನಿ" ಅಂದಳು ಸಂಗವ್ವ. ನೀಲವ್ವ ಸೆರಗು ಹಿಡಿದಳು. "ಬಿಡು ಮಗಳ, ನನ್ ಏಣಿ ಎಷ್ಟು ತೂಕ ಅಂತ ನನಗ ಗೊತ್ತೈತಿ."

ಏಣಿ ಹೊತ್ತೊಯ್ದು ಹಾಳುಬಾವಿಗೆ ಹಾಕಿದಳು. ಅಲ್ಲಿಂದ ತಿರುಗುವಷ್ಟರಲ್ಲಿ ದಂಡಿನವರ ಕೈಗೆ ಸಿಕ್ಕಿಬಿದ್ದಳು. ಹುಡೇವಿನ ಬುಡಕ್ಕೇ ತಂದು ನಿಲ್ಲಿಸಿ, ಏಣಿ ಎಲ್ಲಿ ಅಂತ ಕೇಳಿದರು. ಅವಳು ಹೇಳಲಿಲ್ಲ. ಕೇಳುವುದು ಸಂಜೆವರೆಗೂ ನಡೆಯಿತು ಎನ್ನುತ್ತಾರೆ. ಮೇಲಿದ್ದವರಿಗೆ ಎಲ್ಲ ಕೇಳಿಸಿತು. ಅವಳು ಸತ್ತ ಮೇಲೆ ದಂಡು ಮನೆಗಳಿಗೆ ಬೆಂಕಿಯಿಟ್ಟು ಹೋಯಿತು.

ಎರಡು ದಿನ ಬಿಟ್ಟು ಹೊರಸಿನ ನುಲಿ ಬಿಚ್ಚಿ, ಹಗ್ಗ ಹೊಸೆದು, ಅದನ್ನು ಹಿಡಿದು ಇಳಿದರು. ಹೊರಸು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ನೀಲವ್ವ ಮೊದಲು ಇಳಿದಳು. ಗೌಡ ಇಳಿಯಲು ಬಹಳ ಹೊತ್ತು ತಗೊಂಡ.

ಕಣಜ, ಪಗಡೆಮನೆ, ತವರುಮನೆ ಅನ್ನುವ ಹೆಸರೆಲ್ಲ ಅಲ್ಲಿಗೆ ನಿಂತವು. ಈಗಲೂ ಹುಡೇವಿನ ಒಳಗೆ ಒಂದು ಕಸಬರಿಗೆಯನ್ನೂ ಇಡುವುದಿಲ್ಲ, ಬರೀ ನೆಲ. ಹೊರಗೆ ಒರಗಿಸಿದ ಬಿದಿರೇಣಿಯನ್ನು ನೀಲವ್ವನ ವಂಶದವರೇ ಕಟ್ಟೋದು. ನೋಡಲು ಬಂದವರಾಗಲಿ, ಊರವರಾಗಲಿ, ಕೊನೆಗೆ ಹತ್ತಿದವರು ಬಾಗಿಲಲ್ಲಿ ನಿಂತು ಕೆಳಗೆ ಕೂಗಬೇಕು: "ಸಂಗವ್ವಾ, ಜಾಗ ಐತಿ, ಬಾರಬೇ."

ಕೂಗಿ, ಒಬ್ಬರು ಏಣಿ ಹತ್ತುವಷ್ಟು ಹೊತ್ತು ಕಾಯ್ತಾರೆ.