ಎರಡು ಬಾಗಿಲಿನ ಕಣಜ

ಶಿಷ್ಯ ಚೆನ್ನವೀರ ಕೇಳಿದ: "ಗುರುಗಳೇ, ನಮ್ಮ ಮಠದ ದಾಸೋಹಕ್ಕೆ ಅಕ್ಕಿ ಕೊಡುವ ಭಕ್ತರೊಬ್ಬರು, ಅದನ್ನು ಒಯ್ಯುವವರ ಮುಖ ನೋಡಬೇಕು ಎನ್ನುತ್ತಿದ್ದಾರೆ. ಕೊಟ್ಟವರಿಗೆ ಅಷ್ಟೂ ಹಕ್ಕಿಲ್ಲವೇ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಎರಡು ಬಾಗಿಲಿನ ಕಣಜವಿತ್ತು. ನಡುವೆ ಗೋಡೆ. ಉಳ್ಳವರು ಮುಂಬಾಗಿಲಿನಿಂದ ಬಂದು ಕಾಳು ಸುರಿದು ಹೋಗುತ್ತಿದ್ದರು. ಇಲ್ಲದವರು ಹಿಂಬಾಗಿಲಿನಿಂದ ಬಂದು ಒಯ್ಯುತ್ತಿದ್ದರು. ಈಚೆಯಿಂದ ಆಚೆಗೆ ಕಾಳು ದಾಟಿಸುವವನು ಒಬ್ಬ ಮುದುಕ. ಬೆಳಗಾದರೆ ಅವನು ಊರು ಸುತ್ತುತ್ತಿದ್ದ. ಯಾರ ಒಲೆಯಿಂದ ಹೊಗೆ ಏಳುತ್ತಿಲ್ಲವೆಂದು ನೋಡಿ, ಆ ಮನೆಯವರ ಕಿವಿಯಲ್ಲಿ 'ಹಿಂಬಾಗಿಲು ತೆರೆದಿದೆ' ಎಂದಷ್ಟೇ ಹೇಳುತ್ತಿದ್ದ. ಉಳ್ಳವರಿಗೆ 'ಈ ವಾರ ರಾಗಿ ಸಾಲದು' ಎನ್ನುತ್ತಿದ್ದ. ಯಾರಿಗೆಂದು ಬಾಯಿ ಬಿಡುತ್ತಿರಲಿಲ್ಲ.

ಆ ಊರಿನ ಒಬ್ಬ ವರ್ತಕ ಎಲ್ಲರಿಗಿಂತ ಹೆಚ್ಚು ಕೊಡುತ್ತಿದ್ದ. ಕೆಟ್ಟವನಲ್ಲ. ತನ್ನ ರಾಗಿ ಉಂಡವರ ಮುಖದಲ್ಲಿ ನಗು ನೋಡುವ ಆಸೆ ಅವನಿಗೆ. "ಗೋಡೆ ತೆಗೆಸು, ಇಲ್ಲವಾದರೆ ನಾಳೆಯಿಂದ ನನ್ನ ಗಾಡಿ ಬರುವುದಿಲ್ಲ" ಎಂದ. ಮುದುಕ ಬೇಡವೆಂದು ಕೈಮುಗಿದ. ಊರ ಹಿರಿಯರು ಗಾಡಿಯ ಕಡೆಗೆ ವಾಲಿದರು. ಹಿರಿಯರು ಎಲ್ಲಿಯೂ ಹಾಗೆಯೇ. ಗೋಡೆ ಬಿತ್ತು.

ಮರುದಿನ ವರ್ತಕ ಬಂದು ಕುಳಿತ. ಮೊದಲು ಬಂದವಳು ಊರ ಸೂಲಗಿತ್ತಿ. ಕೈ ನಡುಗತೊಡಗಿದ ಮೇಲೆ ಅವಳನ್ನು ಯಾರೂ ಹೆರಿಗೆಗೆ ಕರೆಯುತ್ತಿರಲಿಲ್ಲ. ವರ್ತಕನ ಹೊಕ್ಕುಳಬಳ್ಳಿ ಕೊಯ್ದವಳೂ ಅವಳೇ. ಗೋಡೆ ಬಿದ್ದದ್ದು ಅವಳಿಗೆ ತಿಳಿದಿರಲಿಲ್ಲ.

ವರ್ತಕ ಹಿಗ್ಗಿ ಎದ್ದು ನಿಂತ. "ಅಯ್ಯೋ, ನೀನೇನಜ್ಜಿ! ಅದು ನನ್ನದೇ ರಾಗಿ. ನಾಚಿಕೋಬೇಡ, ಇನ್ನೂ ಎರಡು ಸೇರು ಹಾಕಿಸ್ಕೋ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಅವಳು ಖಾಲಿ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ರಾಗಿಗಲ್ಲಪ್ಪ, ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ. ಚೆನ್ನಾಗಿರು" ಎಂದು ತಿರುಗಿ ನಡೆದಳು.

ಮತ್ತೆ ಬರಲಿಲ್ಲ. ಮುದುಕ ಅವಳ ಮನೆಗೇ ರಾಗಿ ಹೊತ್ತುಕೊಂಡು ಹೋದ. ಅವಳು ಬಾಗಿಲು ತೆರೆಯಲಿಲ್ಲ. "ಯಾರ ರಾಗಿ ಅಂತ ಗೊತ್ತಾಯ್ತಲ್ಲ, ಇನ್ನು ಗಂಟಲಲ್ಲಿ ಇಳಿಯೋಲ್ಲ" ಎಂದಳು ಒಳಗಿನಿಂದ. ತಿಂಗಳು ತುಂಬುವುದರೊಳಗೆ ಹಸಿದೇ ಸತ್ತಳು. ವರ್ತಕ ನಿಜವಾಗಿಯೂ ಅತ್ತ. ಅವಳ ತಿಥಿಗೆ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ.

ಚೆನ್ನವೀರ ತಲೆ ತಗ್ಗಿಸಿದ. ಆದರೂ ಮನಸ್ಸು ಒಪ್ಪಲಿಲ್ಲ. "ಗೋಡೆ ಒಡೆಯದಿದ್ದರೆ, ಅವಳು ಹಸಿದಿದ್ದಾಳೆಂದು ಆ ವರ್ತಕನಿಗೆ ತಿಳಿಯುವುದಾದರೂ ಹೇಗಿತ್ತು, ಗುರುಗಳೇ?"

ಗುರುಗಳು ಹೇಳಿದರು: "ಅವನ ಮನೆಯ ಜಗುಲಿಯಲ್ಲಿ ಕುಳಿತರೆ ಅವಳ ಒಲೆಯಿಂದ ಹೊಗೆ ಏಳುತ್ತಿದೆಯೋ ಇಲ್ಲವೋ ಕಾಣುತ್ತಿತ್ತು."