ದೀಪಕ್ಕೆ ಅರ್ಥ ಆಗಿಲ್ಲ

ನದಿಯ ದಡದ ಆಶ್ರಮದಲ್ಲಿ ಒಂದು ಹಳೆಯ ಕಾರಿತ್ತು. ಅದಕ್ಕೆ ನಲವತ್ತೊಂದು ವರ್ಷ. ಓಡಿಸುವ ಶಿಷ್ಯ ಶಿವರುದ್ರನಿಗೆ ಇಪ್ಪತ್ತನಾಲ್ಕು.

ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ, ಆ ಕಾರು ಪಕ್ಕದ ಊರಿನ ಕೆಂಪಾಜಮ್ಮನನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿತ್ತು. ಆಕೆಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಯಂತ್ರ ನಾಲ್ಕು ಗಂಟೆ ರಕ್ತ ಶುದ್ಧಿಮಾಡಿ ಕಳಿಸಿದರೆ ಮುಂದಿನ ಸರದಿಯವರೆಗೆ ಬದುಕು. ಆ ಊರಿಗೆ ಬಸ್ಸಿರಲಿಲ್ಲ.

ಹಿಂತಿರುಗುವಾಗ ಮುಸ್ಸಂಜೆಯಾಗುತ್ತಿತ್ತು. ಕೊನೆಯ ಎರಡು ಮೈಲಿ ನಾಲೆಯ ಏರಿಯ ಮೇಲೆ. ಪಕ್ಕದಲ್ಲೇ ನೀರು, ತಡೆಗೋಡೆ ಇಲ್ಲ.

ಒಂದು ಸೋಮವಾರ ಕಾರಿನ ಎಡಚಕ್ರ ಏರಿಯ ಅಂಚಿಗೆ ಒಂದು ಗೇಣು ಉಳಿದಾಗ ನಿಂತಿತು.

ಶಿವರುದ್ರ ಕೈಬ್ರೇಕ್ ಎಳೆದ. “ಬುದ್ಧಿ, ಈ ದೀಪದಲ್ಲಿ ಇನ್ನು ನಾನು ಓಡಿಸಲಾರೆ. ದಾರಿಯೇ ಕಾಣ್ತಿಲ್ಲ.”

ಪಕ್ಕದಲ್ಲಿ ಕುಳಿತಿದ್ದ ಗುರುಗಳು ಕಿಟಕಿಯಿಂದ ಬಗ್ಗಿ ಅಂಚನ್ನು ನೋಡಿದರು. ಸನ್ಯಾಸಕ್ಕೆ ಮುಂಚೆ ಇಪ್ಪತ್ತು ವರ್ಷ ಲಾರಿ ಓಡಿಸಿದವರು ಅವರು.

“ಏನು ಮಾಡ್ತೀಯ?”

“ದೀಪ ಬದಲಾಯಿಸ್ತೀನಿ. ಮೂರು ಪಟ್ಟು ಬೆಳಕು ಕೊಡೋ ಎಲ್‌ಇಡಿ ಸಿಗುತ್ತೆ.”

“ಬದಲಾಯಿಸು.”

ಹಿಂದಿನ ಸೀಟಿನಿಂದ ಕೆಂಪಾಜಮ್ಮ ಹೇಳಿದಳು: “ಗುರುವಾರದೊಳಗೆ ಮಾಡಪ್ಪ. ನನ್ನ ರಕ್ತ ಶುಕ್ರವಾರದವರೆಗೆ ಕಾಯಲ್ಲ.”

ಬುಧವಾರ ಸಂಜೆ ನಾಲೆಯ ಏರಿಯ ಮೇಲೆ ಹೊಸ ದೀಪಗಳ ಪರೀಕ್ಷೆ. ಗುರುಗಳೂ ಜೊತೆಗೆ ಬಂದರು. ಶಿವರುದ್ರ ಸ್ವಿಚ್ ಒತ್ತಿದ. ಏರಿ, ಆಚೆಯ ಗದ್ದೆ, ಮರದ ತುದಿ, ಎಲ್ಲವೂ ಬೆಳ್ಳಗಾದವು.

“ನೋಡಿದ್ರಾ ಬುದ್ಧಿ?”

ಗುರುಗಳು ಉತ್ತರಿಸುವ ಮುನ್ನ ಎದುರಿನಿಂದ ಏನೋ ಬಿದ್ದ ಸದ್ದಾಯಿತು.

ಹಾಲಿನ ಜವರಯ್ಯ ಸೈಕಲ್ ಸಮೇತ ನಾಲೆಯ ಅಂಚಿನಲ್ಲಿ ಬಿದ್ದಿದ್ದ. ಒಂದು ಕಾಲು ನೀರಿನಲ್ಲಿತ್ತು. ಕ್ಯಾನಿನ ಹಾಲು ನಾಲೆಗೆ ಹರಿಯುತ್ತಿತ್ತು.

“ಯಾವನಯ್ಯಾ ಅವನು, ಸೂರ್ಯನ್ನೇ ತಂದು ಕಣ್ಣಿಗೆ ತಿವಿದೋನು?” ಎಂದು ಕೂಗಿದ. ಗುರುಗಳನ್ನು ಕಂಡು ದನಿ ತಗ್ಗಿಸಿದ. “ತಾವಾ ಬುದ್ಧಿ! ತಪ್ಪಾಯ್ತು.”

“ತಪ್ಪು ನಮ್ಮದು,” ಎಂದರು ಗುರುಗಳು. ಅವನನ್ನು ಎತ್ತಿ, ಸೈಕಲ್ಲಿನ ಹ್ಯಾಂಡಲ್ ನೇರಮಾಡಿ ಕಳಿಸಿದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

“ಅವನು ಬಿದ್ದ ಜಾಗದಲ್ಲಿ ನಿಲ್ಲು. ನಾನು ದೀಪ ಹಾಕಿದಾಗ ನನ್ನ ಹತ್ತಿರ ನಡೆದು ಬಾ.”

ಶಿವರುದ್ರ ನಿಂತ. ದೀಪ ಹತ್ತಿತು. ಹೆಜ್ಜೆ ಇಟ್ಟ. ಇನ್ನೊಂದು. ಮೂರನೆಯ ಹೆಜ್ಜೆಗೆ ನೆಲ ಸಿಗಲಿಲ್ಲ.

“ನಿಲ್ಲು!” ದೀಪ ಆರಿತು.

ಅವನ ಬಲಗಾಲು ನೀರಿನ ಮೇಲೆ ತೂಗುತ್ತಿತ್ತು. ಮೆಲ್ಲಗೆ ಹಿಂದೆ ಸರಿದ.

“ಏನು ಕಂಡಿತು?”

“ಏನೂ ಕಾಣಲಿಲ್ಲ ಬುದ್ಧಿ.”

“ನನಗೆ ಎಲ್ಲ ಕಂಡಿತು,” ಎಂದರು ಗುರುಗಳು. “ಹಳೇ ಬಲ್ಬೇ ಹಾಕು.”

“ಅದರಲ್ಲಿ ಬೆಳಕೇ ಇಲ್ಲವಲ್ಲ!”

“ಇದೆ. ಅರ್ಥ ಆಗಿಲ್ಲ.”

“ನನಗಾ?”

“ದೀಪಕ್ಕೆ.”

ಗುರುವಾರ ಬೆಳಿಗ್ಗೆ ಹಳೆಯ ಬಲ್ಬು ಹಾಕಿ ಶಿವರುದ್ರ ನದಿಯ ಮೆಟ್ಟಿಲ ಮೇಲೆ ಕುಳಿತ. ಮಧ್ಯಾಹ್ನ ಒಂದು ಗಂಟೆಗೆ ಕೆಂಪಾಜಮ್ಮನನ್ನು ಕರೆದೊಯ್ಯಬೇಕು. ನೋಟ್‌ಬುಕ್ಕಿನಲ್ಲಿ ಬರೆದ: ದೀಪ ಎಂದರೆ ಜೀವವೇ? ಅದಕ್ಕೆ ಅರ್ಥವಾಗಬೇಕಾದದ್ದು ಯಾವುದು? ಎರಡು ಪುಟ ತುಂಬಿದವು.

ಸ್ನಾನ ಮುಗಿಸಿ ಮೆಟ್ಟಿಲೇರುತ್ತಿದ್ದ ಗುರುಗಳು ನಿಂತರು. “ಏನೋ ಅದು?”

“ನಿಮ್ಮ ಮಾತಿನ ಒಳಾರ್ಥ ಹುಡುಕ್ತಿದ್ದೀನಿ.”

“ಒಳಗಿನದು ಆಮೇಲೆ. ಬಾನೆಟ್ ಎತ್ತಿ ನೋಡಿದೆಯಾ?”

“ಇಲ್ಲ.”

“ಬಿಎಸ್ಸಿ ಓದಿದ್ದೀನಿ ಅಂದಿದ್ದೆ?”

ಶಿವರುದ್ರ ವೋಲ್ಟ್ ಅಳೆಯುವ ಮೀಟರ್ ತೆಗೆದುಕೊಂಡು ಕಾರು ನಿಲ್ಲಿಸಿದ್ದ ಕೊಟ್ಟಿಗೆಗೆ ಓಡಿದ. ದೀಪ ಹಾಕಿ ಬ್ಯಾಟರಿಯ ಬಳಿ ಅಳೆದ. ಹನ್ನೆರಡೂವರೆ ವೋಲ್ಟ್. ಬಲ್ಬಿನ ಬಳಿ ಅಳೆದ. ಒಂಬತ್ತು. ಮತ್ತೆ ಅಳೆದ. ಒಂಬತ್ತೇ.

ಗುರುಗಳು ಬಂದು ಹಿಂದೆ ನಿಂತಿದ್ದರು.

“ಮೂರೂವರೆ ವೋಲ್ಟ್ ಕಾಣೆಯಾಗಿದೆ ಬುದ್ಧಿ. ಬ್ಯಾಟರಿಯಿಂದ ಹೊರಟಿದೆ, ದೀಪಕ್ಕೆ ಸಿಕ್ಕಿಲ್ಲ.”

ಗುರುಗಳು ಅವನ ಕೈ ಹಿಡಿದರು. ದೀಪದ ಹಿಂದೆ ಒಂದು ಕಪ್ಪು ತಂತಿ ಬೋಲ್ಟಿನ ಮೂಲಕ ಕಾರಿನ ಮೈಗೆ ಸೇರುತ್ತಿತ್ತು. ಬೋಲ್ಟು ತುಕ್ಕು ಹಿಡಿದಿತ್ತು. ಅದರ ಮೇಲೆ ಅವನ ಬೆರಳನ್ನು ಒತ್ತಿದರು.

ಅವನು ಚಟ್ಟನೆ ಕೈ ಎಳೆದುಕೊಂಡ. ಬೋಲ್ಟು ಸುಡುತ್ತಿತ್ತು.

“ಸಿಕ್ಕಿತಾ?” ಎಂದರು ಗುರುಗಳು.

ವಿದ್ಯುತ್ತಿಗೆ ತಡೆ ಬಂದಲ್ಲಿ ಬಿಸಿ ಹುಟ್ಟುತ್ತದೆ. ಈ ಸೂತ್ರವನ್ನು ಶಿವರುದ್ರ ಎಷ್ಟು ಪರೀಕ್ಷೆಗಳಲ್ಲಿ ಬರೆದಿದ್ದನೋ. ಅಂಕ ಬಂದಿತ್ತು. ಬಿಸಿ ತಾಗಿರಲಿಲ್ಲ.

ಇಷ್ಟು ವರ್ಷ ದಾರಿಯ ಮೇಲೆ ಬೀಳಬೇಕಾದ ಬೆಳಕು ಈ ತುಕ್ಕಿನೊಳಗೆ ಉರಿಯುತ್ತಿತ್ತು.

ಅವನು ಮತ್ತೆ ಬೆರಳು ಚಾಚಿದ. ಈ ಸಲ ಮೆಲ್ಲಗೆ ಮುಟ್ಟಿದ, ಗರ್ಭಗುಡಿಯ ಹೊಸ್ತಿಲು ಮುಟ್ಟುವಂತೆ.

“ಈ ಜಾಗಕ್ಕೆ ಲಾರಿಯವರು ಏನಂತಾರೆ?” ಎಂದು ಗುರುಗಳು ಕೇಳಿದರು.

“ಅರ್ಥ್,” ಎಂದ ಶಿವರುದ್ರ. ತಂತಿಯಲ್ಲಿ ಬಂದ ವಿದ್ಯುತ್ತು ದೀಪವನ್ನು ಬೆಳಗಿ, ಕಾರಿನ ಮೈ ಸೇರಿ, ಬ್ಯಾಟರಿಗೆ ಮರಳುವ ದಾರಿಗೆ ಇಂಗ್ಲಿಷ್ ಹೆಸರು. ಹೇಳಿದ ಮೇಲೆ ಅವನ ಕಿವಿಗೆ ಆ ಪದ ಬಿತ್ತು. “ಅರ್ಥ್ ಆಗಿಲ್ಲ... ಬುದ್ಧಿ, ನೀವು ನಿನ್ನೆಯೇ ಹೇಳಿದ್ರಿ!”

“ಕನ್ನಡದಲ್ಲೇ ಹೇಳಿದೆ.”

ಇಬ್ಬರೂ ನಕ್ಕರು.

ಬೋಲ್ಟು ಬಿಚ್ಚಿದರು. ಶಿವರುದ್ರ ಉಪ್ಪುಕಾಗದದಿಂದ ಉಜ್ಜಿದ. ತುಕ್ಕಿನ ಪುಡಿ ಉದುರಿ ಉದುರಿ ಕೊನೆಗೆ ಲೋಹ ಮಿನುಗಿತು. ಇನ್ನೊಂದು ದೀಪದ ಬೋಲ್ಟನ್ನೂ ಹಾಗೆಯೇ ಉಜ್ಜಿ ಬಿಗಿದ.

ಗುರುಗಳು ವಿಭೂತಿ ಗಟ್ಟಿಯಿಂದ ಕೊಟ್ಟಿಗೆಯ ಗೋಡೆಯ ಮೇಲೆ ಅಡ್ಡಗೆರೆ ಎಳೆದರು. ಅವರ ಸೊಂಟದ ಮಟ್ಟಕ್ಕಿತ್ತು.

“ನಿನ್ನ ಬೆಳಕು ಇದನ್ನು ದಾಟಬಾರದು. ಇದಕ್ಕಿಂತ ಮೇಲೆ ಎದುರಿನವರ ಕಣ್ಣಿದೆ.”

ಶಿವರುದ್ರ ದೀಪದ ತಿರುಪನ್ನು ತಿರುಗಿಸಿ ಬೆಳಕನ್ನು ಗೆರೆಯ ಕೆಳಕ್ಕೆ ತಂದ. ಕೊಟ್ಟಿಗೆಯ ಬಾಗಿಲು ಮುಚ್ಚಿ ನೋಡಿದ.

ಅದೇ ಬಲ್ಬು. ಗೋಡೆಯ ಮೇಲೆ ಒಂದೊಂದು ಇಟ್ಟಿಗೆಯ ಸಂದೂ ಕಾಣುತ್ತಿತ್ತು. ನೆಲದ ಮೇಲೆ ಒಂದು ಇರುವೆ ಸಾಲು ಬೆಳಕನ್ನು ಅಡ್ಡ ಹಾಯುತ್ತಿತ್ತು. ಪ್ರತಿ ಇರುವೆಯ ಹಿಂದೆ ಅದರದೇ ಉದ್ದ ನೆರಳು. ಅವನು ಉಸಿರು ಬಿಗಿಹಿಡಿದು ನೋಡುತ್ತ ನಿಂತ.

“ಹೊತ್ತಾಯ್ತು,” ಎಂದರು ಗುರುಗಳು.

ಮುಸ್ಸಂಜೆ. ಕಾರು ನಾಲೆಯ ಏರಿಗೆ ತಿರುಗಿತು. ಹಿಂದೆ ಕೆಂಪಾಜಮ್ಮ, ತೋಳಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದಳು. ಏರಿಯ ಅಂಚಿನ ಹುಲ್ಲು ಎಸಳೆಸಳಾಗಿ ಕಾಣುತ್ತಿತ್ತು.

ಎದುರಿನಿಂದ ಒಂದು ಸೈಕಲ್ ಬಂತು. ಶಿವರುದ್ರ ಬ್ರೇಕಿನ ಮೇಲೆ ಕಾಲಿಟ್ಟ.

ಜವರಯ್ಯ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ. ಗಂಟೆ ಬಾರಿಸಿದ. ಒಂದು ಕೈ ಎತ್ತಿ ಗುರುಗಳಿಗೆ ನಮಸ್ಕರಿಸಿ, ನೇರವಾಗಿ ದಾಟಿಹೋದ.

ಕೆಂಪಾಜಮ್ಮ ಮುಂದಕ್ಕೆ ಬಾಗಿ ದಾರಿ ನೋಡಿದಳು.

“ಹೊಸಾ ದೀಪನಾ ಬುದ್ಧಿ?”

“ಅದೇ ಹಳೇದು ಕಣವ್ವ,” ಎಂದರು ಗುರುಗಳು. “ಈಗ ಅರ್ಥ ಆಗಿದೆ.”