ಮೊಲದ ಹಿಂಗಾಲು ಮುಂದೆ ಬಿದ್ದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದಾಗ, ಕೆರೆಗಳಿಗೆ ಆಗತಾನೇ ನೀರು ಬಂದು ನಿಂತಿದ್ದಾಗ, ಮೊಲಗಳು ಈಗಿನಂತೆ ಜಿಗಿಯುತ್ತಿರಲಿಲ್ಲ. ಹಸುವಿನ ಹಾಗೆ, ಬೆಕ್ಕಿನ ಹಾಗೆ, ಒಂದೊಂದೇ ಕಾಲೆತ್ತಿಟ್ಟು ನಡೆಯುತ್ತಿದ್ದವು. ಮುಂಗಾಲು ಮುಂದೆ, ಹಿಂಗಾಲು ಹಿಂದೆ.

ಒಂದು ಕೆರೆಯಂಚಿನ ಜೊಂಡುಹುಲ್ಲಿನಲ್ಲಿ ಬೂದಿ ಎಂಬ ತಾಯಿ ಮೊಲ ಇದ್ದಳು. ಅವಳಿಗೆ ಎರಡು ಮರಿ. ಬೆಳಗಾದರೆ ಮರಿಗಳನ್ನು ಜೊಂಡಿನೊಳಗೆ ಅಡಗಿಸಿ, ಕೆಸರು ದಾಟಿ, ಆಚೆ ದಡದ ಗರಿಕೆ ಮೇಯಲು ಹೋಗುವಳು. ಅದೇ ಕೆಸರು ದಾಟಿ ಬಂದು ಹಾಲೂಡಿಸುವಳು.

ಒಂದು ದಿನ ಬಂದು ನೋಡಿದರೆ ಒಂದೇ ಮರಿ ಇತ್ತು.

ಬೂದಿ ಮತ್ತೆ ನೋಡಿದಳು. ಹುಲ್ಲು ಸರಿಸಿ ನೋಡಿದಳು. ಇನ್ನೊಂದು ಮರಿ ಮಲಗಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಉಳಿದ ಮರಿ ಕಣ್ಣರಳಿಸಿಕೊಂಡು ಕೂತಿತ್ತು.

ಹೊರಗೆ ಬಂದು ಕೆಸರಿನ ಮೇಲೆ ಕಣ್ಣು ಹಾಯಿಸಿದಳು. ನಿನ್ನೆ ತಾನು ಮನೆಗೆ ಬಂದ ಹೆಜ್ಜೆಗಳ ಪಕ್ಕದಲ್ಲೇ ಕಾಡುಬೆಕ್ಕಿನ ದುಂಡು ಹೆಜ್ಜೆಗಳು. ತಾನು ತಿರುಗಿದಲ್ಲಿ ಅವೂ ತಿರುಗಿದ್ದವು. ತಾನು ನಿಂತಲ್ಲಿ ಅವೂ ನಿಂತಿದ್ದವು.

"ದಾರಿ ತೋರಿಸಿದವಳು ನಾನೇ," ಎಂದಳು ಬೂದಿ.

ಬೆಕ್ಕಿಗೆ ಯಾಕೆ ಹೇಳಿಕೊಟ್ಟೆ ಎಂದು ಕೆಸರನ್ನು ಕೇಳಿದಳು.

"ನಾನೇನೂ ಹೇಳಲಿಲ್ಲ ತಾಯಿ. ಇಟ್ಟ ಹೆಜ್ಜೇನ ಇಟ್ಟ ಹಾಗೇ ಉಳಿಸಿಕೊಳ್ಳೋದು ಬಿಟ್ಟು ನನಗೆ ಬೇರೇನೂ ಬರೋದಿಲ್ಲ," ಎಂದಿತು ಕೆಸರು.

ಅಳಿಸಿಬಿಡು ಎಂದು ಕೆರೆಯನ್ನು ಬೇಡಿದಳು. ಮಳೆ ಬರುವ ತನಕ ಅಷ್ಟು ದೂರ ಬರಲಾರೆ ಎಂದಿತು ಕೆರೆ. ಗಾಳಿಯನ್ನು ಬೇಡಿದಳು. ಒಣಮಣ್ಣಾದರೆ ಹಾರಿಸಿಯೇನು, ಹಸಿಮಣ್ಣು ನನ್ನ ಕೈಲಾಗದು ಎಂದಿತು ಗಾಳಿ.

ಅಷ್ಟರಲ್ಲಿ ಟಿಟ್ಟಿಭ ಹಕ್ಕಿ ಕೂಗುತ್ತ ಮೇಲೆದ್ದಿತು. ಕಾಡುಬೆಕ್ಕು ಮತ್ತೆ ಬರುತ್ತಿತ್ತು.

ಬೂದಿ ಉಳಿದ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡಳು. ನಡೆಯುವಷ್ಟು ಹೊತ್ತಿರಲಿಲ್ಲ. ಮುಂಗಾಲು ಊರಿದ್ದೇ ತಡ, ಭಯಕ್ಕೆ ಹಿಂಗಾಲೆರಡೂ ಒಟ್ಟಿಗೆ ಹಾರಿ, ಮುಂಗಾಲನ್ನೂ ದಾಟಿ, ಮುಂದೆ ಹೋಗಿ ಬಿದ್ದವು. ಮತ್ತೆ ಹಾಗೇ. ಮತ್ತೆ ಹಾಗೇ. ಕೆಸರು ದಾಟಿ ಬೇರೊಂದು ಜೊಂಡಿನೊಳಗೆ ನುಗ್ಗಿ, ಮರಿಯನ್ನು ಮೈಯಿಂದ ಮುಚ್ಚಿ ಮಲಗಿದಳು.

ಕಾಡುಬೆಕ್ಕು ಕೆಸರಿನ ನಡುವೆ ಬಂದು ನಿಂತಿತು. ಹೊಸ ಹೆಜ್ಜೆ ಕಂಡಿತು. ಎರಡು ಸಣ್ಣವು ಒಂದರ ಹಿಂದೊಂದು, ಎರಡು ಉದ್ದನೆಯವು ಅಕ್ಕಪಕ್ಕ. ಸಣ್ಣವು ಮುಂಗಾಲಿನವು, ಉದ್ದನೆಯವು ಹಿಂಗಾಲಿನವು. ಅದು ಬೆಕ್ಕಿಗೆ ಗೊತ್ತು. ಹಿಂಗಾಲು ಹಿಂದೆಯೇ ಇರಬೇಕಲ್ಲ ಎಂದುಕೊಂಡು, ಸಣ್ಣ ಹೆಜ್ಜೆಗಳಿದ್ದ ಕಡೆಗೆ ಸರಸರನೆ ಹೊರಟುಹೋಯಿತು. ಬೂದಿ ಬಿಟ್ಟುಬಂದ ಖಾಲಿ ಗೂಡಿನ ಕಡೆಗೆ.

ಬೂದಿ ಜೊಂಡಿನ ಸಂದಿಯಿಂದ ನೋಡುತ್ತಿದ್ದಳು. ಬೆಕ್ಕು ಕಣ್ಮರೆಯಾದ ಮೇಲೆ ಹೊರಬಂದು ತನ್ನ ಹೆಜ್ಜೆಗಳನ್ನು ಮೂಸಿದಳು. ಇವು ತನ್ನವೇ ಎಂದು ನಂಬಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಅಣ್ಣ ಯಾವಾಗ ಬರುತ್ತಾನೆ ಎಂದು ಮರಿ ಕೇಳಿತು.

"ಹಿಂಗಾಲು ಮುಂದೆ ಹಾಕು ಮಗಾ," ಎಂದಳು ಬೂದಿ. "ಇನ್ನು ಮೇಲೆ ಹಾಗೇ ಹೋಗಬೇಕು."

ಅದಕ್ಕೇ ಇವತ್ತಿಗೂ ಕೆರೆಯಂಚಿನ ಕೆಸರಿನಲ್ಲಿ ಎರಡು ಸಣ್ಣ ಹೆಜ್ಜೆ, ಅವುಗಳ ಮುಂದೆ ಎರಡು ಉದ್ದನೆಯ ಹೆಜ್ಜೆ ಕಂಡರೆ, ಉದ್ದನೆಯವು ಇರುವ ಕಡೆಗೇ ಮೊಲ ಹೋಗಿದೆ ಅಂತ ತಿಳಿದುಕೋ ಕಂದಾ.